ಬಂಗು ಬೇರೆ, ಬಿಳಿ ಮಚ್ಚೆ ಬೇರೆ

ಹೋದ ತಿಂಗಳು ನಾನೊಂದು ತಪ್ಪು ಮಾಡಿದೆ, ಮಕ್ಕಳೇ. ಮೊಮ್ಮಗಳ ಗೆಳತಿ ನಮ್ಮ ಜಯನಗರದ ಮನೆಗೆ ಬಂದಿದ್ದಳು. ತುಟಿಯ ಅಂಚಿನಲ್ಲೂ ಬೆರಳ ತುದಿಯಲ್ಲೂ ಬಿಳಿ ಮಚ್ಚೆ. ಅವಳು ಹೋದ ಮೇಲೆ, "ನಾಳೆಯಿಂದ ಅವಳ ಜೊತೆ ಊಟದ ಡಬ್ಬಿ ಹಂಚಿಕೋಬೇಡ ಕಣೇ" ಅಂದುಬಿಟ್ಟೆ. ಮೊಮ್ಮಗಳು ಮಾತೇ ಆಡಲಿಲ್ಲ.

ಅದೇ ವಾರ ನನ್ನ ಕೆನ್ನೆಯ ಬಂಗು ತೋರಿಸಲು ಬನಶಂಕರಿಯ ಚರ್ಮದ ಡಾಕ್ಟರ ಬಳಿ ಹೋದೆವು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬಿನಿಂದ ಮೊದಲು ಬೆಳ್ಳಗಾದ ಮುಖ, ಆಮೇಲೆ ಕೆಂಪಾಗಿ ಉರಿಯುತ್ತಿತ್ತು. "ಇದರಲ್ಲಿ ಸ್ಟಿರಾಯ್ಡ್ ಇದೆ ಅಮ್ಮ, ಚರ್ಮ ತೆಳ್ಳಗಾಗುತ್ತೆ. ಇಂಥ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮವಾಗಿದೆ" ಎಂದರು. ಬಂಗಿಗೆ ಮೊದಲ ಮದ್ದು ಬಿಸಿಲಿಗೆ ಮರೆಯಂತೆ: ಕೊಡೆ, ಸನ್‌ಸ್ಕ್ರೀನ್.

ಆಗ ಮೊಮ್ಮಗಳು ಕೇಳಿದಳು: "ಡಾಕ್ಟರ್, ಬಿಳಿ ಮಚ್ಚೆ ಅಂಟುತ್ತಾ?"

ನಾನು ತಲೆ ತಗ್ಗಿಸಿದೆ. ಡಾಕ್ಟರು ಅವಳಿಗೇ ಹೇಳಿದರು. ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ತಯಾರಿಸುವ ಜೀವಕೋಶಗಳಿವೆ. ಕಪ್ಪಗಿದ್ದವರಿಗೂ ಬೆಳ್ಳಗಿದ್ದವರಿಗೂ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, ತಯಾರಾಗುವ ಬಣ್ಣದಲ್ಲಷ್ಟೇ ವ್ಯತ್ಯಾಸ. (ಹೆಣ್ಣು ನೋಡಲು ಬರುವವರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು!) ಬಂಗಿನಲ್ಲಿ ಆ ಕೋಶಗಳು ಅತಿಯಾಗಿ ದುಡಿಯುತ್ತವೆ. ತೊನ್ನಿನಲ್ಲಿ, ದೇಹವನ್ನು ಕಾಯಬೇಕಾದ ಪಡೆಯೇ ತಪ್ಪು ತಿಳಿದು ಅವನ್ನು ಕೊಲ್ಲುತ್ತದೆ. ಅದು ಮುಟ್ಟಿದರೆ ಅಂಟದು, ಎಂಜಲಿನಿಂದ ಬಾರದು, ಮೀನು ತಿಂದು ಹಾಲು ಕುಡಿದರೂ ಬಾರದು. ಮುಲಾಮು, ಬೆಳಕಿನ ಚಿಕಿತ್ಸೆ, ಕೆಲವರಿಗೆ ಚರ್ಮ ಕಸಿ ಇವೆ. ತುಟಿ, ಬೆರಳ ತುದಿಯ ಮಚ್ಚೆಗಳು ಮಾತ್ರ ಹಟಮಾರಿ. ಗಾಯಕ ಮೈಕಲ್ ಜಾಕ್ಸನ್‌ಗೂ ತೊನ್ನಿತ್ತು. ಆತ ತೀರಿಕೊಂಡ ಜೂನ್ 25 ಈಗ ವಿಶ್ವ ತೊನ್ನು ದಿನ.

ಬಿಳುಪೆಲ್ಲ ತೊನ್ನಲ್ಲ. ಬೆವರುವ ಬೆನ್ನಿನ ಮೇಲಿನ ಚಿಬ್ಬು ಒಂದು ಬಗೆಯ ಶಿಲೀಂಧ್ರದ್ದು, ಔಷಧಿಗೆ ಬಗ್ಗುತ್ತದೆ. ಮುಟ್ಟಿದರೂ ಚುಚ್ಚಿದರೂ ಗೊತ್ತಾಗದ ಮಚ್ಚೆ ಕುಷ್ಠವಿರಬಹುದು. ತಡಮಾಡದೆ ತೋರಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯೂ ಆಗುತ್ತದೆ. ಇನ್ನು ಅಜ್ಜಿಯರೇ, ಮೊಮ್ಮಕ್ಕಳ ಕತ್ತಿನ ಹಿಂದೆ ಮಖಮಲ್ಲಿನಂತೆ ಕಪ್ಪಾಗಿದ್ದರೆ ಕಡಲೆಹಿಟ್ಟು ಹಾಕಿ ಉಜ್ಜಬೇಡಿ. ಅದು ಕೊಳೆಯಲ್ಲ, ಡಾಕ್ಟರಿಗೆ ತೋರಿಸಿ ಸಕ್ಕರೆ ಪರೀಕ್ಷೆ ಮಾಡಿಸಿ.

ಮರುದಿನ ಡಬ್ಬಿಗೆ ಎರಡು ಪಾಲು ಚಿತ್ರಾನ್ನ ತುಂಬಿದೆ. ಸಂಜೆ ಡಬ್ಬಿ ಖಾಲಿ.

"ಉಪ್ಪು ಸ್ವಲ್ಪ ಕಮ್ಮಿ ಅಂದಳು ಅಜ್ಜಿ" ಎಂದಳು ಮೊಮ್ಮಗಳು.