ವಿದ್ಯೆಯ ಸಾಲ, ಮನಸ್ಸಿನ ಭಾರ

ಮನುಷ್ಯನು ಹುಟ್ಟುವಾಗಲೇ ದೇವಋಣ, ಪಿತೃಋಣ, ಋಷಿಋಣಗಳೆಂಬ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇವುಗಳಲ್ಲಿ ಋಷಿಋಣವು ಅಧ್ಯಯನದಿಂದ ತೀರುವುದೆಂದು ಅವರ ನಂಬಿಕೆ. ಕಾಲವು ಎಷ್ಟು ಬದಲಾಗಿದೆ ನೋಡಿ! ಇಂದು ಅಧ್ಯಯನವೇ ಹೊಸದೊಂದು ಋಣವನ್ನು ತಂದೊಡ್ಡುತ್ತಿದೆ. ಅದು ಬ್ಯಾಂಕಿನ ಋಣ. ವಿದ್ಯಾರ್ಥಿ ಮಿತ್ರರೇ, ಕೆಲವೇ ವರ್ಷಗಳಲ್ಲಿ ನಿಮ್ಮಲ್ಲಿ ಹಲವರು ಅದರ ಕಾಗದಕ್ಕೆ ಸಹಿ ಹಾಕುವವರಾದುದರಿಂದ, ಈ ವಿಷಯವಾಗಿ ನಾಲ್ಕು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಉದ್ಯೋಗನಿಮಿತ್ತ ಕೇರಳಕ್ಕೆ ಬಂದ ನಾವು, ಮಗುವಿನ ಜ್ವರದ ಕಾರಣ ಕೊಚ್ಚಿಯ ಆಸ್ಪತ್ರೆಯೊಂದರಲ್ಲಿ ಮೂರು ದಿನ ಇರಬೇಕಾಯಿತು. ಮಲಯಾಳಿ ದಾದಿಯೊಬ್ಬಳು ನಮ್ಮ ಮಾತು ಕೇಳಿ ಕನ್ನಡದಲ್ಲಿಯೇ ವಿಚಾರಿಸಿದಳು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಓದಿದವಳಂತೆ. “ಕನ್ನಡ ಬಿಟ್ಟಿಯಾಗಿ ಬಂತು ಸಾರ್, ನರ್ಸಿಂಗ್ ಸಾಲ ಮಾಡಿ ಬಂತು” ಎಂದು ನಕ್ಕಳು. ಕಂತು ಕಟ್ಟಲಾಗದೆ ಮನೆಗೆ ಬ್ಯಾಂಕಿನ ಕಾಗದಗಳು ಹೋಗುತ್ತಿದ್ದುವು. ತನ್ನೊಡನೆ ಸಹಿ ಮಾಡಿದ ತಂದೆಯ ಮುಖ ನೋಡಲು ಅಂಜಿ ಅವಳು ಓಣಂ ಹಬ್ಬಕ್ಕೂ ಊರಿಗೆ ಹೋಗಿರಲಿಲ್ಲ.

ಇದು ಅವಳೊಬ್ಬಳ ಕಥೆಯಲ್ಲ. ಕೇರಳದ ಎಷ್ಟೋ ಮಕ್ಕಳು ಬೆಂಗಳೂರು, ಮಂಗಳೂರುಗಳಿಗೆ ಹೋಗಿ ಸಾಲದ ಬಲದಿಂದ ಶುಶ್ರೂಷಾ ವಿದ್ಯೆ ಕಲಿತರು. ಮರಳಿ ಬಂದಾಗ ದೊರೆತ ಸಂಬಳ ಅತ್ಯಲ್ಪ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ದಾದಿಯರು ವೇತನಕ್ಕಾಗಿ ಮುಷ್ಕರ ಹೂಡಿದರು. 2018ರಲ್ಲಿ ಸರ್ಕಾರವು ತಿಂಗಳಿಗೆ 20,000 ರೂಪಾಯಿಗಳ ಕನಿಷ್ಠ ವೇತನ ಗೊತ್ತುಮಾಡಿತು. ಸಾಲ ತೀರಿಸಲಾರದವರ ನೆರವಿಗೆಂದು ತಿರುವನಂತಪುರದ ಸರ್ಕಾರ 2017ರಲ್ಲಿ 900 ಕೋಟಿ ರೂಪಾಯಿಗಳ ಯೋಜನೆಯೊಂದನ್ನೂ ಘೋಷಿಸಿತ್ತು.

ಈಗ ಒಂದು ಲೆಕ್ಕ ಮಾಡಿರಿ. ವರ್ಷದ ಆರಂಭದಲ್ಲಿ 1 ಲಕ್ಷದಂತೆ ನಾಲ್ಕು ವರ್ಷ, ಶೇಕಡ 10ರ ಸರಳ ಬಡ್ಡಿಯಲ್ಲಿ ಸಾಲ ಪಡೆದಿರೆನ್ನೋಣ. ಓದುವ ಕಾಲದಲ್ಲಿಯೂ ಅನಂತರ ಒಂದು ವರ್ಷವೂ ಕಂತು ಇರುವುದಿಲ್ಲ. ಬಡ್ಡಿಯೇನೋ ಬೆಳೆಯುತ್ತಲೇ ಇರುತ್ತದೆ. ಐದು ವರ್ಷಕ್ಕೆ ಅದು 1,40,000 ರೂಪಾಯಿ, ಸಾಲ 5,40,000. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,100 ರೂಪಾಯಿ ಕಟ್ಟಬೇಕು. ಅಂದರೆ 20,000ದ ಸಂಬಳದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು! ಹದಿನೈದು ವರ್ಷಕ್ಕೆ ವಿಸ್ತರಿಸಿದರೆ ಕಂತು 5,800ಕ್ಕೆ ಇಳಿಯುವುದು. ಆದರೆ ಒಟ್ಟು ಕೊಡುವ ಹಣ ಎಂಟೂವರೆ ಲಕ್ಷದಿಂದ ಸುಮಾರು ಹತ್ತೂವರೆ ಲಕ್ಷಕ್ಕೆ ಏರುವುದು. ಸಹಿ ಹಾಕುವ ಮುನ್ನ ತಂದೆತಾಯಿಗಳೊಡನೆ ಕುಳಿತು ಈ ಲೆಕ್ಕ ಮಾಡಿದವರೆಷ್ಟು ಮಂದಿ?

ಹಾಗಾದರೆ ಬಡವರ ಮಕ್ಕಳು ಓದಲೇಬಾರದೆ ಎಂದು ನೀವು ಕೇಳಬಹುದು. ಖಂಡಿತ ಓದಬೇಕು. ವಿದ್ಯೆಗಾಗಿ ಮಾಡಿದ ಸಾಲದಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಆದರೆ ಸಾಲಮನ್ನಾ ಆದೀತೆಂದು ಕೈಕಟ್ಟಿ ಕುಳಿತವರಿಗೆ ಬಡ್ಡಿ ಕಾಯುವುದಿಲ್ಲ. ಅದಕ್ಕಿಂತಲೂ ಕೆಟ್ಟದ್ದು ಸಾಲವನ್ನು ಮುಚ್ಚಿಡುವುದು. ಮುಚ್ಚಿಟ್ಟ ಸಾಲ ಮೊದಲು ನಿದ್ರೆಯನ್ನು, ಆಮೇಲೆ ಮನೆಯವರ ಸ್ನೇಹವನ್ನು ಕಸಿಯುತ್ತದೆ. ಹಣದ ಕೊರತೆ ದುಡಿಮೆಯಿಂದ ತುಂಬೀತು. ಮೌನದಿಂದಾದ ನಷ್ಟವನ್ನು ತುಂಬುವವರಾರು?

ಬಾಯಿಬಿಟ್ಟು ಕೇಳಿದವನಿಗೆ ದಾರಿಗಳುಂಟು. ವರ್ಷಕ್ಕೆ ನಾಲ್ಕೂವರೆ ಲಕ್ಷದವರೆಗೆ ವರಮಾನವಿರುವ ಕುಟುಂಬದ ಮಕ್ಕಳು ಮಾನ್ಯತೆಯುಳ್ಳ ಸಂಸ್ಥೆಗಳಲ್ಲಿ ವೃತ್ತಿಶಿಕ್ಷಣ ಪಡೆಯುವಾಗ, ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಕೆಲಸವಿಲ್ಲದ ಕಾಲದಲ್ಲಿ ಕಂತಿಗೆ ಬಿಡುವು ಕೊಡಲು ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿಯೇ ಅವಕಾಶವಿದೆ. ವಸೂಲಿಗಾರರು ಬೆಳಗಿನ ಎಂಟು ಗಂಟೆಗೆ ಮೊದಲು, ಸಂಜೆ ಏಳರ ಅನಂತರ ಸಾಲಗಾರರಿಗೆ ದೂರವಾಣಿ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆಜ್ಞಾಪಿಸಿದೆ. ಹಿಂದಿನ ಸಾಲದ ದಾಖಲೆ ಚೆನ್ನಾಗಿಲ್ಲವೆಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಗೆ ಸಾಲ ನಿರಾಕರಿಸಲಾಗದೆಂದು ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯ 2023ರಲ್ಲಿ ಹೇಳಿದೆ. ಮನಸ್ಸು ತೀರ ಕುಗ್ಗಿದರೆ 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡುವವರಿದ್ದಾರೆ.

ತಿಂಗಳ ಮೇಲೆ ಮಗುವನ್ನು ಮತ್ತೆ ತೋರಿಸಲು ಹೋದಾಗ ಆ ದಾದಿ ಎದುರಾದಳು. ಊರಿಗೆ ಹೋಗಿ ತಂದೆಯೊಡನೆ ಎಲ್ಲವನ್ನೂ ಹೇಳಿಕೊಂಡಳಂತೆ. ಅವರಿಗೆ ಮೊದಲೇ ತಿಳಿದಿತ್ತು. ಮಗಳು ನೊಂದುಕೊಂಡಾಳೆಂದು ಅವರೂ ಸುಮ್ಮನಿದ್ದರು! ಇಬ್ಬರೂ ಕೂಡಿ ಬ್ಯಾಂಕಿಗೆ ಹೋಗಿ ಕಂತನ್ನು ಇಳಿಸಿಕೊಂಡು ಬಂದರು. ಸಾಲ ಇನ್ನೂ ಇದೆ. ಈ ಸಲದ ಓಣಂಗೆ ಮನೆಗೆ ಹೋಗುವೆನೆಂದು ಅವಳು ಹೇಳಿದಳು.

ನೀವು ಓದಿ ದೊಡ್ಡವರಾಗಿರಿ. ಸಾಲ ಮಾಡಬೇಕಾಗಿ ಬಂದರೆ ಲೆಕ್ಕ ತಿಳಿದು ಮಾಡಿರಿ. ಕಷ್ಟ ಬಂದರೆ ಮೊದಲು ಮನೆಯಲ್ಲಿ ಹೇಳಿರಿ. ಇದೇ ನಮ್ಮ ಹಾರೈಕೆ.