ಕಪ್ಪತಗುಡ್ಡದ ಚಿನ್ನ, ಬಾವಿಯ ನೀರು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಬೋರು ಕೊರೆಸುವಾಗ 'ಸೆಲೆ ಸಿಕ್ಕಿತೇ?' ಎಂದು ಕೇಳುತ್ತೇವೆ. ಸೆಲೆ ಎಂದರೆ ನೆಲದೊಳಗಿನ ನದಿಯಲ್ಲ. ಗಟ್ಟಿ ಬಂಡೆಯ ಬಿರುಕುಗಳಲ್ಲಿ ಇಂಗಿ ನಿಂತ ಮಳೆನೀರು. ಇದಕ್ಕೂ ಚಿನ್ನಕ್ಕೂ ಇರುವ ನಂಟು ತಿಳಿಯಲು ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ನೋಡಬೇಕು.

ಈ ಗುಡ್ಡದ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಇಲ್ಲಿನ ಚಿನ್ನದ ಶಿಲೆಗಳ ಬಗ್ಗೆ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಬರೆದರು. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಗಣಿ ತೋಡಿದವು. ಪುರಾತನ ಬಿರುಕುಗಳಲ್ಲಿ ಬಿಸಿನೀರು ಹರಿದು ಬೆಣಚುಕಲ್ಲು, ಚಿನ್ನ ಹೆಪ್ಪುಗಟ್ಟಿದ್ದವು. ಇಂದಿನ ಬಿರುಕುಗಳಲ್ಲಿ ಇರುವುದು ನಮ್ಮ ಕುಡಿಯುವ ನೀರು.

ಗಣಿ ಆಳಕ್ಕಿಳಿದಂತೆ ಈ ನೀರು ಅದರೊಳಗೆ ಬಸಿಯುತ್ತದೆ. ಅದನ್ನು ಪಂಪು ಹಚ್ಚಿ ಹೊರಹಾಕಿದರೆ, ಅದೇ ಬಿರುಕುಗಳನ್ನು ನಂಬಿದ ಸುತ್ತಲಿನ ಬಾವಿಗಳು ಇಳಿಯುತ್ತವೆ. ಚಿನ್ನದ ಜೊತೆಗಿರುವ ಗಂಧಕದ ಖನಿಜಗಳಿಗೆ ಗಾಳಿ, ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಆರ್ಸೆನಿಕ್‌ನಂಥ ವಿಷವೂ ಕರಗಿ ಬರಬಹುದು.

2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಎಲ್ಲಿಯೇ ಗಣಿಯ ಮಾತು ಬಂದರೂ, ಪಾಲಕರು ಚಿನ್ನದ ಲೆಕ್ಕದೊಡನೆ ನೀರಿನ ಲೆಕ್ಕವನ್ನೂ ಕೇಳಬೇಕು. ವಿದ್ಯಾರ್ಥಿಗಳೇ, ಹಿರಿಯರನ್ನು ಜೊತೆಗೆ ಕರೆದುಕೊಂಡು ಊರ ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಹಗ್ಗದಿಂದ ಅಳೆದು ಬರೆದಿಡಿ. ಆ ಲೆಕ್ಕ ನಿಮ್ಮಲ್ಲಿಯೇ ಇರುತ್ತದೆ.