ದಂತವೈದ್ಯಶಾಲೆಯ ನೀರು: ಕಾಣದ ಕೊಳವೆಯ ಹೊಣೆ

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗನು ಊರಿಗೆ ಹೋದಾಗ ಹಿರಿಯರು ಮೊದಲು ಕೇಳುವ ಪ್ರಶ್ನೆ, ‘ಅಲ್ಲಿಯ ನೀರು ಒಗ್ಗಿತೆ?’ ಎಂಬುದು. ನೀರು ಬದಲಾದರೆ ಆರೋಗ್ಯ ಕೆಡುವುದೆಂಬ ಅನುಭವ ಈ ಪ್ರಶ್ನೆಯಲ್ಲಿ ಅಡಗಿದೆ. ಆದುದರಿಂದಲೇ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಗೃಹಿಣಿಯರು ಕುಡಿಯುವ ನೀರನ್ನು ಸೋಸುತ್ತಾರೆ, ಕಾಯಿಸುತ್ತಾರೆ. ಆದರೆ ಅದೇ ಮನೆಯವರು ಹಲ್ಲುನೋವೆಂದು ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತಾಗ, ಬಾಯೊಳಗೆ ಚಿಮ್ಮುವ ನೀರು ಎಲ್ಲಿಯದು, ಎಂಥದು ಎಂದು ಕೇಳುವುದಿಲ್ಲ.

ನಗರದ ಹೊರಮಗ್ಗುಲಲ್ಲಿ ಬೆಳೆದ ಜೀಡಿಮೆಟ್ಲಾದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಮಹತ್ವವಿದೆ. ಔಷಧ ಮತ್ತು ರಸಾಯನ ಕಾರ್ಖಾನೆಗಳ ಈ ಬೀಡಿನಲ್ಲಿ ಅಂತರ್ಜಲ ಕಲುಷಿತವಾದ ಸಂಗತಿ ಹೊಸತಲ್ಲ. ಕಾರ್ಖಾನೆಗಳ ಕೊಳಚೆ ನೀರನ್ನು ಸಂಸ್ಕರಿಸಲು 1980ರ ದಶಕದಲ್ಲಿಯೇ ಇಲ್ಲಿ ಸಾಮೂಹಿಕ ವ್ಯವಸ್ಥೆಯೊಂದು ಅಗತ್ಯವಾಯಿತು. ಇಂಥ ಬಡಾವಣೆಯಲ್ಲಿ ನಲ್ಲಿಯ ನೀರು ಸಾಲದ ದಿನ ಬೋರ್‌ವೆಲ್ಲು ಇಲ್ಲವೆ ಟ್ಯಾಂಕರೇ ಗತಿ. ಹೀಗೆ ಬಂದ ನೀರು ತೊಟ್ಟಿಗೆ ಬಿದ್ದು, ಮಾಳಿಗೆಯ ಟ್ಯಾಂಕಿಗೇರಿ, ಅಲ್ಲಿಂದ ಚಿಕಿತ್ಸೆಯ ಕೋಣೆಗೆ ಇಳಿಯುತ್ತದೆ.

ಆದರೆ ದೋಷವನ್ನೆಲ್ಲ ಊರಿನ ನೀರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ನಗರದಿಂದ ಶುದ್ಧವಾದ ನೀರೇ ಬಂದರೂ, ದಂತವೈದ್ಯರ ಕುರ್ಚಿಯ ಕೊಳವೆಗಳೊಳಗೆ ಅದು ಕೆಡಬಲ್ಲುದು. ಈ ಕೊಳವೆಗಳ ಒಳವ್ಯಾಸ ಕೆಲವೇ ಮಿಲಿಮೀಟರು. ರಾತ್ರಿ ಮತ್ತು ರಜಾದಿನಗಳಲ್ಲಿ ನೀರು ಅವುಗಳಲ್ಲಿ ನಿಶ್ಚಲವಾಗಿ ನಿಲ್ಲುತ್ತದೆ. ಅದರಲ್ಲಿನ ಕ್ಲೋರಿನ್ನಿನ ಸತ್ವ ಕುಂದುತ್ತದೆ. ತೊಳೆಯದ ಕೊಡದ ಒಳಮೈಗೆ ಲೋಳೆ ಕಟ್ಟುವಂತೆ, ಕೊಳವೆಯ ಒಳಗೋಡೆಗೂ ಸೂಕ್ಷ್ಮಜೀವಿಗಳ ಲೋಳೆಪದರ ಅಂಟಿಕೊಳ್ಳುತ್ತದೆ. ನೀರು ಹರಿದಾಗಲೆಲ್ಲ ಅದರ ಕಣಗಳು ಕಳಚಿ ರೋಗಿಯ ಬಾಯಿ ಸೇರುತ್ತವೆ. ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ಕೊರೆಯುವ ಉಪಕರಣವು ಅದೇ ನೀರನ್ನು ತುಂತುರಾಗಿಸಿ ಗಾಳಿಗೆ ತೂರುತ್ತದೆ. ಅದನ್ನು ಉಸಿರಾಡುವವರು ರೋಗಿ ಮಾತ್ರವಲ್ಲ, ವೈದ್ಯರು ಮತ್ತು ಸಹಾಯಕರು ಕೂಡ.

‘ಬಾಯಲ್ಲಿಯೇ ಅಸಂಖ್ಯ ರೋಗಾಣುಗಳಿರುವಾಗ ಈ ನೀರಿನಿಂದ ಏನಾದೀತು?’ ಎಂದು ಕೇಳುವವರಿದ್ದಾರೆ. ಆರೋಗ್ಯವಂತರಿಗೆ ಬಹುಮಟ್ಟಿಗೆ ಏನೂ ಆಗದೆನ್ನುವುದು ನಿಜ. ಆದರೆ ಎಲ್ಲ ರೋಗಿಗಳೂ ಆರೋಗ್ಯವಂತರಲ್ಲ. 2011ರಲ್ಲಿ ಇಟಲಿಯಲ್ಲಿ 82 ವರ್ಷದ ವೃದ್ಧೆಯೊಬ್ಬರು ಲೀಜಿಯೊನೆಲ್ಲಾ ರೋಗಾಣುವಿನಿಂದಾದ ನ್ಯುಮೋನಿಯಾಕ್ಕೆ ಬಲಿಯಾದರು; ಸೋಂಕಿನ ಮೂಲ ದಂತಚಿಕಿತ್ಸೆಯ ಕೊಳವೆಯ ನೀರೆಂದು ಪರೀಕ್ಷೆಯಿಂದ ತಿಳಿದುಬಂತು. 2016ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಅನಾಹೈಮ್ ನಗರದಲ್ಲಿ ಹಾಲುಹಲ್ಲಿನ ಒಳತಿರುಳಿಗೆ ಚಿಕಿತ್ಸೆ ಪಡೆದ ಸುಮಾರು 70 ಮಕ್ಕಳು ಕಲುಷಿತ ನೀರಿನಿಂದ ಸೋಂಕಿಗೆ ತುತ್ತಾದರು. ಮುಂದುವರಿದ ದೇಶಗಳಲ್ಲಿಯೇ ಹೀಗಾದ ಮೇಲೆ, ಹುಡುಕದೆ ಇರುವೆಡೆ ರೋಗವೇ ಇಲ್ಲವೆಂದು ನಂಬುವುದು ವಿವೇಕವಲ್ಲ.

ಪರಿಹಾರ ದುಸ್ಸಾಧ್ಯವೇನಲ್ಲ. ಮಾಳಿಗೆಯ ಟ್ಯಾಂಕಿನ ನೀರನ್ನು ನೇರವಾಗಿ ಬಳಸದೆ, ಕುರ್ಚಿಗೆ ಪ್ರತ್ಯೇಕ ನೀರಿನ ಸೀಸೆಯನ್ನು ಜೋಡಿಸಬಹುದು. ಆದರೆ ಅದರಲ್ಲಿ ಶುದ್ಧೀಕರಿಸಿದ ನೀರು ತುಂಬಿದ ಮಾತ್ರಕ್ಕೆ ಕೆಲಸ ಮುಗಿಯದು. ಒಳ್ಳೆಯ ನೀರೂ ಲೋಳೆಗಟ್ಟಿದ ಕೊಳವೆಯಲ್ಲಿ ಹರಿದರೆ ಕೆಡುತ್ತದೆ. ಆದುದರಿಂದ ಯಂತ್ರದ ತಯಾರಕರು ಸೂಚಿಸಿದ ಕ್ರಿಮಿನಾಶಕದಿಂದ ಕೊಳವೆಗಳನ್ನು ನಿಯತವಾಗಿ ಶುದ್ಧಿ ಮಾಡಬೇಕು. ಪ್ರತಿ ರೋಗಿಯ ಬಳಿಕ 20ರಿಂದ 30 ಸೆಕೆಂಡು ನೀರು ಹರಿಯಬಿಡಬೇಕು. ಇದರಿಂದ ಲೋಳೆ ಹೋಗದು, ಆದರೆ ಹಿಂದಿನ ರೋಗಿಯ ಬಾಯಿಂದ ಒಳಸೇರಿದ ಕೊಳೆ ಹೊರಬೀಳುತ್ತದೆ. ಹಲ್ಲು ಕೊಯ್ದು ತೆಗೆಯುವಂಥ ಶಸ್ತ್ರಕ್ರಿಯೆಗೆ ಕೊಳವೆಯ ನೀರು ಬೇಡವೇ ಬೇಡ, ಕ್ರಿಮಿರಹಿತ ಲವಣದ್ರಾವಣವೇ ಬೇಕು. ಎಲ್ಲಕ್ಕೂ ಮಿಗಿಲಾಗಿ, ಆಗಾಗ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಸಾಮಾನ್ಯ ಚಿಕಿತ್ಸೆಯ ನೀರಿನಲ್ಲಿ ಪ್ರತಿ ಮಿಲಿಲೀಟರಿಗೆ ಬ್ಯಾಕ್ಟೀರಿಯಾಗಳ ಎಣಿಕೆ 500ನ್ನು ಮೀರಬಾರದೆಂಬುದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ಸೂಚನೆ. ಬೋರ್‌ವೆಲ್ ನೀರಿನ ಲವಣ ಮತ್ತು ರಸಾಯನಗಳನ್ನು ಕ್ರಿಮಿನಾಶಕ ತೆಗೆಯದು. ಅದಕ್ಕೆ ನೀರಿನ ಮೂಲವನ್ನೇ ಸರಿಪಡಿಸಬೇಕು.

ಕಡಿಮೆ ಶುಲ್ಕ ಪಡೆದು ಕಾರ್ಮಿಕರಿಗೆ ಚಿಕಿತ್ಸೆ ನೀಡುವ ಚಿಕ್ಕ ವೈದ್ಯಶಾಲೆಗಳಿಗೆ ಇದು ಹೊರೆಯೆಂಬ ಮಾತಿದೆ. ಹೊರೆ ಇದೆ, ನಿಜ. ಆದರೆ ಬಣ್ಣದ ದೀಪ, ಗಾಜಿನ ಬಾಗಿಲುಗಳಿಗೆ ಹಣ ದೊರೆಯುವಾಗ ಕೊಳವೆಗೆ ದೊರೆಯದಿರುವುದು ಸರಿಯಲ್ಲ. ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆ ಹುಳುಕುಹಲ್ಲು ತೆಗೆಯುವ ಸ್ಥಳಕ್ಕೇ ಅನ್ವಯಿಸಬಾರದು.

1908ರ ಮೂಸಿ ಪ್ರವಾಹದ ಬಳಿಕ ಈ ನಗರವನ್ನು ರಕ್ಷಿಸುವ ಯೋಜನೆ ರೂಪಿಸಿದವರು ಕನ್ನಡಿಗರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು. ಅದರ ಫಲವಾದ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳು ಬಹುಕಾಲ ನಗರದ ದಾಹವನ್ನು ತಣಿಸಿದವು. ಮುಂದೆ ಬೀದರ ಜಿಲ್ಲೆಯನ್ನು ಹಾದುಬರುವ ಮಂಜೀರೆಯ ನೀರೂ ಬಂತು. ದೂರದಿಂದ ಇಷ್ಟು ಶ್ರಮಪಟ್ಟು ತಂದ ನೀರು ಕೊನೆಯ ಕೆಲವು ಅಡಿಗಳಲ್ಲಿ ಕೆಡುವುದು ವಿಷಾದಕರ. ಆ ಕೆಲವು ಅಡಿಗಳ ಹೊಣೆ ವೈದ್ಯರದು. ‘ಡಾಕ್ಟರೇ, ಈ ಕೊಳವೆಗಳ ಶುದ್ಧಿ ಎಂದಾಯಿತು? ನೀರಿನ ಪರೀಕ್ಷೆ ಆಗಿದೆಯೆ?’ ಎಂದು ವಿನಯದಿಂದ ಕೇಳುವ ಹೊಣೆ ರೋಗಿಗಳದು. ದಂತ ತಪಾಸಣಾ ಶಿಬಿರ ನಡೆಸುವ ಕನ್ನಡ ಸಂಘಗಳು, ಚಿಕಿತ್ಸೆಗಾಗಿ ಒಂದು ವೈದ್ಯಶಾಲೆಯ ಹೆಸರನ್ನು ಸೂಚಿಸುವ ಮೊದಲು ಈ ಪ್ರಶ್ನೆಯನ್ನು ತಾವೇ ಕೇಳುವುದು ಉಚಿತ. ಆತ್ಮವಿಶ್ವಾಸವುಳ್ಳ ವೈದ್ಯರು ಇದರಿಂದ ನೊಂದುಕೊಳ್ಳರು. ದಾಖಲೆಯ ಪುಸ್ತಕವನ್ನು ತೆರೆದು ತೋರಿಸುವರು.